ಪದ ಪರಿಚಯ: ‘ಪಿಆರ್ ಆಗುವುದು’

ಪಿ.ಜೆ. ಬಡಾವಣೆಯಲ್ಲಿ ಒಂದು ಗೃಹಪ್ರವೇಶ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ದೊಡ್ಡಮ್ಮ ನನ್ನ ಕೈ ಹಿಡಿದು ಕೇಳಿದರು. ‘ನಿನ್ ತಂಗಿಗೆ ಕೆನಡಾದಾಗ ಪಿಆರ್ ಆತಂತಲ್ಲಪ್ಪ. ಇನ್ನು ಅವಳು ನಮ್ಮ ದೇಶದಾಕಿ ಅಲ್ಲೇನು?’ ಆ ಮಾತಿನಲ್ಲಿ ಸಂತೋಷಕ್ಕಿಂತ ಸಂಕಟ ಜಾಸ್ತಿ ಇತ್ತು. ಅಲ್ಲೇ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ದಾವಣಗೆರೆಯಲ್ಲಿ ಈಗ ಮದುವೆ ಮಾತುಕತೆಯಲ್ಲೂ ‘ಹುಡುಗನಿಗೆ ಪಿಆರ್ ಐತಿ’ ಅನ್ನುತ್ತಾರೆ. ಅರ್ಥ ಮಾತ್ರ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು.

ಪಿಆರ್ ಅಂದರೆ ಪರ್ಮನೆಂಟ್ ರೆಸಿಡೆನ್ಸಿ. ಕಾಯಂ ಆಗಿ ವಾಸ ಮಾಡುವ ಹಕ್ಕು, ಅಷ್ಟೇ. ಪೌರತ್ವ ಅಲ್ಲ. ನಮ್ಮ ಕಡೆ ಮನೆ ಅಳಿಯ ಅಂತೀವಲ್ಲ, ಹಾಗೆ ಅಂದುಕೊಳ್ಳಿ. ಆ ಮನೆಯಲ್ಲೇ ಉಣ್ಣುತ್ತಾನೆ, ದುಡಿಯುತ್ತಾನೆ, ಯಾರೂ ‘ಯಾವಾಗ ಹೊರಡ್ತೀಯಪ್ಪ’ ಅಂತ ಕೇಳುವುದಿಲ್ಲ. ಆದರೆ ಪಹಣಿಯಲ್ಲಿ ಅವನ ಹೆಸರಿಲ್ಲ. ಪಿಆರ್ ಆದವರೂ ಆ ದೇಶದಲ್ಲಿ ಎಲ್ಲಿ ಬೇಕಾದರೂ ಇರಬಹುದು, ಕೆಲಸ ಮಾಡಬಹುದು, ಓದಬಹುದು. ಆದರೆ ಕೆನಡಾದಲ್ಲಿ ಅವರು ಓಟು ಹಾಕುವಂತಿಲ್ಲ. ಆ ದೇಶದ ಪಾಸ್‌ಪೋರ್ಟ್ ಸಿಗುವುದಿಲ್ಲ.

ಹಾಗಾದರೆ ವೀಸಾಕ್ಕೂ ಇದಕ್ಕೂ ಏನು ವ್ಯತ್ಯಾಸ? ಓದಲು ಹೋದವಳ ಪರವಾನಗಿ ಕಾಲೇಜಿನ ಜೊತೆ ಕಟ್ಟಿಕೊಂಡಿರುತ್ತದೆ. ಕೆಲಸದ ಪರವಾನಗಿ ಎಷ್ಟೋ ಸಲ ಒಬ್ಬ ಮಾಲೀಕನ ಜೊತೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಎದೆ ಢವಢವ. ಪಿಆರ್ ಈ ಎರಡೂ ಹಗ್ಗ ಬಿಚ್ಚುತ್ತದೆ. ನನ್ನ ತಂಗಿಗೆ ಪಿಆರ್ ಬಂದ ದಿನ ಫೋನ್ ಮಾಡಿ ಹೇಳಿದ ಮೊದಲ ಮಾತು, ‘ಅಣ್ಣ, ಇವತ್ತು ನಿದ್ದೆ ಬರುತ್ತೆ.’

ಅವಳು ಹೋದ ದಾರಿ ಬಹಳ ಮಕ್ಕಳು ಹೋಗುವ ದಾರಿಯೇ. ಇಲ್ಲೇ ಎಂಜಿನಿಯರಿಂಗ್, ಅಲ್ಲಿ ಎರಡು ವರ್ಷದ ಮಾಸ್ಟರ್ಸ್, ಆಮೇಲೆ ಮೂರು ವರ್ಷದ ಕೆಲಸದ ಪರವಾನಗಿ. ಅದರಲ್ಲಿ ಒಂದು ವರ್ಷ ದುಡಿದು, ಪಿಆರ್‌ಗೆ ಜನರನ್ನು ಆರಿಸುವ ಕೆನಡಾದ ‘ಎಕ್ಸ್‌ಪ್ರೆಸ್ ಎಂಟ್ರಿ’ಗೆ ಹೆಸರು ಹಾಕಿದಳು. 2015ರಲ್ಲಿ ಶುರುವಾದ ಈ ಪದ್ಧತಿಯಲ್ಲಿ 1,200ಕ್ಕೆ ಅಂಕ ಕೊಡುತ್ತಾರೆ. ವಯಸ್ಸು, ಓದು, ಇಂಗ್ಲಿಷ್ ಅಥವಾ ಫ್ರೆಂಚ್, ಕೆಲಸದ ಅನುಭವ, ಎಲ್ಲಕ್ಕೂ ಅಂಕ. 20ರಿಂದ 29ರವರಿಗೆ ವಯಸ್ಸಿನ ಅಂಕ ಪೂರ್ತಿ. ಆಮೇಲೆ ವರ್ಷ ವರ್ಷ ಇಳಿಯುತ್ತಾ 45ಕ್ಕೆ ಸೊನ್ನೆ. ಹೆಚ್ಚು ಅಂಕ ಇದ್ದವರಿಗೆ ಮೊದಲು ಕರೆ. ಕಾಲೇಜು ಸೀಟು ಸಿಕ್ಕಿತು ಅಂದರೆ ಪಿಆರ್ ಸಿಕ್ಕಂತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

‘ಪರ್ಮನೆಂಟ್’ ಅನ್ನುವ ಪದವೇ ಜನರನ್ನು ದಾರಿ ತಪ್ಪಿಸುವುದು. ಅದು ಕಲ್ಲಿನ ಮೇಲೆ ಬರೆದದ್ದಲ್ಲ. ಕೆನಡಾದಲ್ಲಿ ಯಾವುದೇ ಐದು ವರ್ಷದ ಲೆಕ್ಕ ತೆಗೆದರೂ ಕನಿಷ್ಠ 730 ದಿನ ಆ ದೇಶದಲ್ಲಿ ಇದ್ದಿರಬೇಕು. ಅಪ್ಪಾಜಿಗೆ ಬೈಪಾಸ್ ಆದಾಗ ತಂಗಿ ಬಂದು ಇಲ್ಲೇ ಉಳಿದಳು. ಆಗ ಈ ಲೆಕ್ಕ ನಮ್ಮ ಅಡಿಗೆಮನೆಗೇ ಬಂತು. ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಅಮ್ಮ ಅವಳು ಇದ್ದ ಒಂದೊಂದು ದಿನಕ್ಕೂ ಕೆಂಪು ಪೆನ್ನಲ್ಲಿ ಚುಕ್ಕೆ ಇಡುತ್ತಿದ್ದರು. ನೀಲಿ ಗೀಟು ಹಾಲಿಗೆ, ಕೆಂಪು ಚುಕ್ಕೆ ಮಗಳಿಗೆ. ರಾತ್ರಿ ಊಟ ಆದಮೇಲೆ ಎಣಿಸಿ ‘ಇನ್ನೂ ಬೇಕಾದಷ್ಟು ದಿನ ಐತಿ, ಇರವ್ವ’ ಅನ್ನುತ್ತಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಇನ್ನೊಂದು ಗೊಂದಲ ಕಾರ್ಡಿನದು. ಪಿಆರ್ ಕಾರ್ಡಿಗೆ ಸಾಮಾನ್ಯವಾಗಿ ಐದು ವರ್ಷದ ಅವಧಿ. ಅದು ಮುಗಿದರೆ ಪಿಆರ್ ಹೋಯಿತು ಅಂತಲ್ಲ. ಮುಗಿಯುವುದು ಕಾರ್ಡು, ಹಕ್ಕಲ್ಲ. ಆದರೆ ಊರಿಗೆ ಬಂದಾಗ ಕಾರ್ಡು ಮುಗಿದುಹೋದರೆ ವಾಪಸ್ ವಿಮಾನ ಹತ್ತಲು ಬೇರೆ ಪ್ರಯಾಣ ಪತ್ರ ಮಾಡಿಸಬೇಕು. ಟಿಕೆಟ್ ಮಾಡಿಸುವ ಮೊದಲು ಕಾರ್ಡಿನ ತಾರೀಖು ನೋಡಿಕೊಳ್ಳಿ.

ಬೇರೆ ದೇಶಗಳಲ್ಲಿ ಹೆಸರೂ ಬೇರೆ, ಷರತ್ತೂ ಬೇರೆ. ಅಮೆರಿಕದಲ್ಲಿ ಇದು ಗ್ರೀನ್ ಕಾರ್ಡ್. ಅಲ್ಲಿ ಕೆಲಸದ ಮೇಲೆ ಕೊಡುವ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಶೇ. 7ರ ಮಿತಿ ಇರುವುದರಿಂದ ಕೆಲಸದ ಮೇಲೆ ಹೋದ ನಮ್ಮವರ ಸಾಲು ಬಹಳ ಉದ್ದ. ಬ್ರಿಟನ್‌ನಲ್ಲಿ ಐಎಲ್ಆರ್ (ಇಂಡೆಫಿನಿಟ್ ಲೀವ್ ಟು ರಿಮೇನ್) ಅಂತಾರೆ. ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಜಾಸ್ತಿ ಒಂದೇ ಸಮ ಹೊರಗೆ ಉಳಿದರೆ ಅದು ಬಿದ್ದುಹೋಗುತ್ತದೆ. ಆಸ್ಟ್ರೇಲಿಯಾದಲ್ಲೂ ಅಂಕದ ಪದ್ಧತಿ ಇದೆ. ಅಲ್ಲಿ 189, 190 ನಂಬರಿನ ವೀಸಾಗಳು ನೇರ ಪಿಆರ್, 491 ಮಾತ್ರ ತಾತ್ಕಾಲಿಕ. ಈ 491ನ್ನೇ ಪಿಆರ್ ಅಂತ ಹೇಳಿ ಮಾರುವವರಿದ್ದಾರೆ, ಹುಷಾರು.

ಮಾರುವ ಮಾತು ಬಂತು. ಪರಿಚಯದ ಒಬ್ಬ ಹುಡುಗ ‘ಪಿಆರ್ ಗ್ಯಾರಂಟಿ’ ಅಂದ ಏಜೆಂಟನಿಗೆ ಹಣ ಕಟ್ಟಿದ. ಅವರ ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು ಅದು. ಕೈಗೆ ಬಂದದ್ದು ಪ್ರವಾಸಿ ವೀಸಾ. ಅದರಲ್ಲಿ ಕೆಲಸ ಮಾಡುವ ಹಾಗೇ ಇಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪಿಆರ್ ಕೊಡುವುದು ಆ ದೇಶದ ಸರ್ಕಾರ, ಗ್ಯಾರಂಟಿ ಕೊಡಲು ಯಾವ ಏಜೆಂಟನಿಗೂ ಆಗುವುದಿಲ್ಲ. ಕೆನಡಾದ ವಿಷಯದಲ್ಲಿ ದುಡ್ಡು ತೆಗೆದುಕೊಂಡು ಸಲಹೆ ಕೊಡುವವರಿಗೆ ಅಲ್ಲಿನ ಲೈಸೆನ್ಸ್ ಇರಬೇಕು. ಅದರ ನಂಬರ್ ಕೇಳಿ. ಆನ್‌ಲೈನ್‌ನಲ್ಲಿ ಐದು ನಿಮಿಷದಲ್ಲಿ ನೋಡಬಹುದು. ನಂಬರ್ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಇಷ್ಟು ಕೇಳಿದ ದೊಡ್ಡಮ್ಮ ಕೊನೆಗೆ ಅಸಲಿ ಪ್ರಶ್ನೆಗೆ ಬಂದರು. ‘ಹಂಗಾರೆ ನಾಲೆ ಕೆಳಗಿನ ಗದ್ದೆಯಾಗ ಅವಳ ಪಾಲು?’ ಪಾಲು ಎಲ್ಲಿಗೂ ಹೋಗುವುದಿಲ್ಲ. ಪಿಆರ್ ಆದರೂ ಅವಳು ಭಾರತದ ಪ್ರಜೆಯೇ, ಕೈಯಲ್ಲಿರುವುದು ನಮ್ಮದೇ ಪಾಸ್‌ಪೋರ್ಟ್. ಅನಿವಾಸಿ ಆದ್ದರಿಂದ ಹೊಸದಾಗಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ಆದರೆ ಅಪ್ಪ ಅಮ್ಮನ ನಂತರ ವಾರಸುದಾರಿಕೆಯಲ್ಲಿ ಬರುವುದಕ್ಕೆ ಅಡ್ಡಿಯಿಲ್ಲ. ಫಾರಂ 6ಎ ತುಂಬಿದರೆ ದಾವಣಗೆರೆಯ ಮತದಾರಳೂ ಆಗಬಹುದು. ಓಟು ಹಾಕಲು ಮಾತ್ರ ಊರಿಗೇ ಬರಬೇಕು.

ನಂಟು ಕಡಿಯುವುದು ಮುಂದಿನ ಮೆಟ್ಟಿಲಲ್ಲಿ. ಐದು ವರ್ಷದಲ್ಲಿ 1,095 ದಿನ ಕೆನಡಾದಲ್ಲಿ ಇದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ನಮ್ಮ ಕಾನೂನಿನಲ್ಲಿ ಎರಡು ಪೌರತ್ವ ಇಲ್ಲ. ಆ ದೇಶದ ಪ್ರಜೆಯಾದರೆ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಬದಲಿಗೆ ವಿದೇಶಿ ಪ್ರಜೆಯಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ಪಡೆಯಬಹುದು. ಅದಿದ್ದರೆ ಜೀವನಪೂರ್ತಿ ವೀಸಾ ಇಲ್ಲದೆ ಬಂದು ಹೋಗಬಹುದು, ಓಟು ಮಾತ್ರ ಇಲ್ಲ. ತಂಗಿಗೆ ಆ 1,095 ದಿನ ಯಾವಾಗಲೋ ತುಂಬಿವೆ. ಅರ್ಜಿ ಇನ್ನೂ ಹಾಕಿಲ್ಲ. ಅಮ್ಮನೂ ಕೇಳಿಲ್ಲ. ಹಳೆಯ ಕ್ಯಾಲೆಂಡರನ್ನು ಮಾತ್ರ ಮಡಚಿ ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದಾರೆ.