ಗ್ರಹಣದ ಹೊತ್ತಿಗೆ ನಡುಗಡಲಿನಲ್ಲಿ ಏನಾಗುತ್ತದೆ?

1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ಹಾದಿ ಕಾರವಾರ, ರಾಯಚೂರುಗಳ ಮೇಲೆ ಹಾದಿತ್ತು. ಬೆಂಗಳೂರಿಗೆ ಪಾರ್ಶ್ವಗ್ರಹಣವಷ್ಟೇ. ಆದರೆ ಇಂದಿಗೂ ಗ್ರಹಣ ಎಂದರೆ ಇಲ್ಲಿ ಕದ ಹಾಕಿಕೊಳ್ಳುವ, ನೀರಿನ ಮೇಲೆ ದರ್ಭೆ ಇಡುವ ಮನೆಗಳಿಗೆ ಕೊರತೆಯಿಲ್ಲ. ಗ್ರಹಣಕ್ಕೆ ನಿಜಕ್ಕೂ ಮೋಸಹೋಗುವ ಜೀವಿಗಳಿರುವುದು ಕಡಲಿನಲ್ಲಿ.

ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್ ದಾಟಿದರೆ ಆ ನೀರಿನ ಮೀನು ಯಾವ ದೇಶದ ಸ್ವತ್ತೂ ಅಲ್ಲ. ಇದೇ ನಡುಗಡಲು; ಸಾಗರಗಳ ಸುಮಾರು ಮೂರರಲ್ಲಿ ಎರಡು ಪಾಲು ಹೀಗಿದೆ. ಅಲ್ಲಿರುವುದು ಬರೀ ಉಪ್ಪುನೀರು ಎನ್ನುವವರನ್ನು ಕಂಡರೆ ನನಗೆ ದರ್ಭೆಯವರನ್ನು ಕಂಡಷ್ಟೇ ಬೇಸರ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಜಲಾಂತರ್ಗಾಮಿ ಪತ್ತೆಗೆಂದು ನೀರೊಳಗೆ ಶಬ್ದ ಬಿಟ್ಟು ಪ್ರತಿಧ್ವನಿ ಆಲಿಸುತ್ತಿದ್ದರು. 1942ರಲ್ಲಿ ಕ್ಯಾಲಿಫೋರ್ನಿಯಾದ ಆಚೆ, ನಿಜವಾದ ತಳ ಎಷ್ಟೋ ಕೆಳಗಿದ್ದರೂ, ಕೆಲವು ನೂರು ಮೀಟರಿನಲ್ಲೇ ಒಂದು ತಳ ಕೇಳಿಸಿತು. 1945ರಲ್ಲಿ ಜೀವವಿಜ್ಞಾನಿ ಮಾರ್ಟಿನ್ ಜಾನ್ಸನ್ ಅಹೋರಾತ್ರಿ ಗಮನಿಸಿದರೆ, ಸಂಜೆಗೆ ಆ ‘ತಳ’ವೇ ಮೇಲೇಳುತ್ತಿತ್ತು, ಬೆಳಗ್ಗೆ ಇಳಿಯುತ್ತಿತ್ತು! ಬೆರಳುದ್ದದ ಲ್ಯಾಂಟರ್ನ್ ಮೀನು, ಸಿಗಡಿಯನ್ನು ಹೋಲುವ ಕ್ರಿಲ್, ಸ್ಕ್ವಿಡ್‌ಗಳ ಮಹಾಸಂತೆ ಅದು. ಮೀನಿನ ಮಾಂಸ ಬಹುಪಾಲು ನೀರೇ ಆದ್ದರಿಂದ ಶಬ್ದ ಅದರೊಳಗೆ ಹಾದುಹೋಗುತ್ತದೆ. ಹೊಟ್ಟೆಯೊಳಗಿನ ಪುಟ್ಟ ಗಾಳಿಚೀಲಕ್ಕೆ ಬಡಿದಾಗ ಜೋರಾಗಿ ಪುಟಿಯುತ್ತದೆ, ತಳದಂತೆ ಕೇಳಿಸಿದ್ದು ಅದೇ.

ಬೇಟೆಗಾರರ ಕಣ್ಣಿಗೆ ಬೀಳದಷ್ಟು ಮಬ್ಬು ಎಲ್ಲಿದೆಯೋ ಅಲ್ಲಿ ಇವು ಹಗಲು ಕಳೆಯುತ್ತವೆ. ಸೂರ್ಯ ಇಳಿದಂತೆ ಮಬ್ಬು ಮೇಲೇರುತ್ತದೆ, ಅದರ ಬೆನ್ನು ಹಿಡಿದು ಇವೂ ಏರುತ್ತವೆ. 2017ರ ಆಗಸ್ಟ್ ಗ್ರಹಣದಲ್ಲಿ ಈಶಾನ್ಯ ಪೆಸಿಫಿಕ್‌ನ ಸೋನಾರ್‌ಗಳು (ಪ್ರತಿಧ್ವನಿ ಆಲಿಸುವ ಉಪಕರಣಗಳು) ಇವು ಹಾಡಹಗಲೇ ಮೇಲೆದ್ದದ್ದನ್ನು ದಾಖಲಿಸಿದವು. ಬೆಳಕು ಮರಳಿದಾಗ ಮತ್ತೆ ಇಳಿದವು.

ರಾತ್ರಿ ಮೇಲೆ ತಿಂದದ್ದು ಹಗಲಿನಲ್ಲಿ ಆಳದಲ್ಲಿ ಉಸಿರಾಗಿ, ಮಲವಾಗಿ ಹೊರಬೀಳುತ್ತದೆ. ಸಸ್ಯಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಹೀರಿದ ಇಂಗಾಲ ಹೀಗೆ ಕೆಳಗಿಳಿಯುತ್ತದೆ. ಬೆಂಗಳೂರಿನ ಇಸ್ರೋ ಕಳಿಸಿದ ಓಷನ್‌ಸ್ಯಾಟ್ ಉಪಗ್ರಹಗಳು ಕಡಲ ಬಣ್ಣದಿಂದ ಪ್ಲವಕಗಳನ್ನು ಅಳೆಯುತ್ತವೆ, ಈ ಇಳಿತ ಮಾತ್ರ ಅವಕ್ಕೆ ಕಾಣದು. ಬಲೆಗೂ ಸರಿಯಾಗಿ ಸಿಗದು: 1980ರಲ್ಲಿ ಬಲೆ ಎಳೆದು ಲೆಕ್ಕಹಾಕಿದವರು ಈ ಆಳದ ಮೀನು ಸುಮಾರು 100 ಕೋಟಿ ಟನ್ ಎಂದರು, 2014ರಲ್ಲಿ ಶಬ್ದದಿಂದ ಅಳೆದವರು ಅದರ ಹತ್ತುಪಟ್ಟು ಎಂದರು. ಮೀನುಗಳು ಬಲೆಯಿಂದ ತಪ್ಪಿಸಿಕೊಳ್ಳುತ್ತಿದ್ದವು.

ಈಗ ಸಾಕಣೆ ಮೀನಿನ ಮೇವಿಗಾಗಿ ಇವುಗಳ ಮೇಲೆ ಕಣ್ಣು ಬಿದ್ದಿರುವುದು ನನ್ನ ಆತಂಕ. 2023ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ನಡುಗಡಲ ಒಪ್ಪಂದ 2026ರ ಜನವರಿಯಲ್ಲಿ ಜಾರಿಗೆ ಬಂದಿದೆ. ಅದರಡಿ ಸಂರಕ್ಷಿತ ವಲಯಗಳನ್ನು ಗುರುತಿಸುವವರು ನಕ್ಷೆಯ ಉದ್ದಗಲದ ಜೊತೆಗೆ ಈ ಏರಿಳಿತದ ಆಳವನ್ನೂ ಸೇರಿಸಿಕೊಳ್ಳಲಿ.