ಒಂಬತ್ತು ಚುಕ್ಕಿಯ ಬೀಗ

ಮೊನ್ನೆ ನನ್ನ ಫೋನಿನ ಗಾಜು ಒಡೆಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಸಣ್ಣ ರಿಪೇರಿ ಅಂಗಡಿಗೆ ಹೋದೆ. ಹುಡುಗ ಫೋನನ್ನು ತಿರುಗಿಸಿ ನೋಡಿದ, ರೇಟ್ ಹೇಳಿದ, ಬಿಲ್ ಪುಸ್ತಕವನ್ನು ನನ್ನ ಕಡೆ ತಳ್ಳಿದ. ಹೆಸರು, ಮೊಬೈಲ್ ನಂಬರ್, ಏನು ತೊಂದರೆ ಅಂತ ಬರೆಯಲು ಗೆರೆಗಳಿದ್ದವು. ಅದರ ಕೆಳಗೆ ಅಚ್ಚಾಗಿದ್ದ ಒಂಬತ್ತು ಚುಕ್ಕಿ, ಸಾಲಿಗೆ ಮೂರರಂತೆ. 'ಪ್ಯಾಟರ್ನ್ ಹಾಕಿ ಮೇಡಂ' ಅಂದ.

ಹಿಂದಿನ ಹಾಳೆಗಳು ತೆರೆದೇ ಇದ್ದವು. ನನಗಿಂತ ಮುಂಚೆ ಬಂದವರೆಲ್ಲ ಅಲ್ಲಿದ್ದರು. ಒಬ್ಬರದು ಇಂಗ್ಲಿಷ್ ಎಲ್ ಅಕ್ಷರ, ಇನ್ನೊಬ್ಬರದು ಜೆಡ್, ಮತ್ತೊಬ್ಬರದು ಬಲಕ್ಕೆ ಹೋಗಿ ನೇರ ಕೆಳಗಿಳಿದ ಗೆರೆ. ಪಕ್ಕದಲ್ಲೇ ಅವರವರ ಹೆಸರು, ನಂಬರ್. ಆ ಹುಡುಗ ಕೆಟ್ಟವನಲ್ಲ. ಹೊಸ ಗಾಜು ಹಾಕಿದ ಮೇಲೆ ಟಚ್ ಸರಿಯಾಗಿದೆಯಾ ಅಂತ ನೋಡಲು ಅವನಿಗೆ ಫೋನ್ ತೆರೆಯಬೇಕು, ಅಷ್ಟೆ. ಆದರೂ ಆ ಪುಸ್ತಕ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಮನೆ ಕೀಲಿಯನ್ನು ವಿಳಾಸದ ಜೊತೆ ಯಾವುದೋ ಅಂಗಡಿಯಲ್ಲಿ ನಾವು ಬಿಟ್ಟು ಬರಲ್ಲ, ಅಲ್ವಾ? ಫೋನಿನ ಕೀಲಿಯನ್ನು ಮಾತ್ರ ಪೆನ್ ತಗೊಂಡು ಬರೆದುಕೊಡುತ್ತೇವೆ.

ಯಾಕೆ ಹೀಗೆ ಅಂತ ಯೋಚಿಸಿದಾಗ ನನಗೆ ಹೊಳೆದದ್ದು ಇದು. ಫೋನಿನ ಬೀಗ ಹುಟ್ಟಿದ್ದು ಬೇರೆ ಕೆಲಸಕ್ಕೆ. ಬೀಗ ಕಾಯುವ ವಸ್ತು ಬದಲಾಗಿದೆ, ನಮ್ಮ ಅಭ್ಯಾಸ ಇನ್ನೂ ಹಳೆಯದೇ.

ಚಾಮರಾಜಪೇಟೆ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಬೆಳೆದವರಿಗೆ ನೆನಪಿರಬಹುದು. ಹಾಲ್‌ನಲ್ಲಿ ಸ್ಟೂಲಿನ ಮೇಲೆ ಕಪ್ಪು ಫೋನು, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ಡಯಲ್‌ನ ತೂತಿನಲ್ಲಿ ಬೆರಳುಗಾತ್ರದ ಒಂದು ಬೀಗ. ಬೀಗ ಹಾಕಿದರೆ ಡಯಲ್ ತಿರುಗುವುದಿಲ್ಲ. ಬಂದ ಕರೆ ತೆಗೆಯಬಹುದು, ಮಾಡಲು ಆಗದು. ಬೀದಿಗೆಲ್ಲ ಅದೊಂದೇ ಫೋನು. ಅಕ್ಕಪಕ್ಕದವರು ಅದನ್ನೇ ತಮ್ಮ ಪಿ.ಪಿ. ನಂಬರ್ ಅಂತ ಊರಿಗೆಲ್ಲ ಕೊಟ್ಟಿರುತ್ತಿದ್ದರು. ಕರೆ ಬಂದರೆ ಹುಡುಗರು ಓಡಿಹೋಗಿ ಕರೆದುಕೊಂಡು ಬರಬೇಕು. ಕೀಲಿ ಮಾತ್ರ ಮನೆ ಯಜಮಾನರ ಜನಿವಾರದಲ್ಲೋ ಬೀರುವಿನಲ್ಲೋ ಇರುತ್ತಿತ್ತು.

ಚುರುಕಾದ ಮಕ್ಕಳು ಆ ಬೀಗಕ್ಕೂ ದಾರಿ ಹುಡುಕಿದ್ದರು. ಡಯಲ್ ತಿರುಗಿಸಿದಾಗ ಆಗುವುದು ಇಷ್ಟೆ: 5 ತಿರುಗಿಸಿದರೆ ಲೈನು ಐದು ಸಲ ಕಟ್ ಆಗಿ ಕೂಡುತ್ತದೆ. ರಿಸೀವರ್ ಇಡುವ ಗುಂಡಿಯನ್ನು ಐದು ಸಲ ಪಟಪಟ ತಟ್ಟಿದರೂ ಅದೇ ಆಗುತ್ತದೆ. ಡಯಲ್ ಮುಟ್ಟದೆ ನಂಬರ್ ಹೋಗುತ್ತಿತ್ತು. ಮುಂದೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದಾಗ ಎಸ್‌ಟಿಡಿಗೆ, ಅಂದರೆ ಹೊರ ಊರಿನ ಕರೆಗೆ, ಗುಪ್ತ ನಂಬರಿನ ಲಾಕ್ ಬಂತು. ಇವೆಲ್ಲ ಕಾದದ್ದು ಬಿಲ್ಲನ್ನು. ಗುಟ್ಟು ಕಾಯುವ ಮಾತೇ ಇರಲಿಲ್ಲ. ಹಾಲ್‌ನಲ್ಲಿ ಎಲ್ಲರ ಮುಂದೆ ನಿಂತು ಮಾತಾಡುವ ಫೋನಿನಲ್ಲಿ ಗುಟ್ಟು ಎಲ್ಲಿಂದ ಬರಬೇಕು?

ಮೊಬೈಲ್ ಬಂದ ಮೇಲೆ ಬೀಗದ ಕೆಲಸ ಇನ್ನೂ ಹಗುರವಾಯಿತು. 2003ರಲ್ಲಿ ಬಂದ ನೋಕಿಯಾ 1100 ಇಟ್ಟುಕೊಂಡಿದ್ದವರ ಬೆರಳಿಗೆ ಇದು ಈಗಲೂ ಗೊತ್ತು. ನಡುವಿನ ಗುಂಡಿ, ಆಮೇಲೆ ಸ್ಟಾರ್. ಲಾಕ್ ಓಪನ್. ಜೇಬಿನಲ್ಲಿ ಗುಂಡಿ ಒತ್ತಿ ಯಾರಿಗೋ ಕರೆ ಹೋಗದಿರಲಿ ಅಂತ ಇದ್ದ ಏರ್ಪಾಡು ಅದು. ಯಾರು ಬೇಕಾದರೂ ತೆರೆಯಬಹುದಿತ್ತು. ಸಿಮ್ ಕಾರ್ಡಿಗೆ ಪಿನ್ ಹಾಕುವ ಗಟ್ಟಿ ಬೀಗ ಆಗಲೇ ಇತ್ತು. ನಮ್ಮಲ್ಲಿ ಅದನ್ನು ಹಾಕಿದವರು ಕಡಿಮೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

2007ರಲ್ಲಿ ಐಫೋನ್ ಬಂತು. ಬೆರಳಿನಿಂದ ಪಕ್ಕಕ್ಕೆ ಜಾರಿಸಿದರೆ ತೆರೆಯುತ್ತಿತ್ತು. ಬೇಕಾದವರಿಗೆ ನಾಲ್ಕು ಅಂಕಿಯ ಪಾಸ್‌ಕೋಡ್. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂತು. ಜೊತೆಗೆ ಈ ಒಂಬತ್ತು ಚುಕ್ಕಿಯೂ ಬಂತು. ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕಿ ಬೆಳೆದ ನಮ್ಮಂಥವರಿಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ಅಂಕಿ ನೆನಪಿಡಲು ಕಷ್ಟಪಡುವ ಅಜ್ಜಿಯರೂ ಚುಕ್ಕಿ ಕೂಡಿಸಿದರು.

ಲೆಕ್ಕದಲ್ಲಿ ಈ ಚುಕ್ಕಿಗಳು ಬಡವೇನಲ್ಲ. ಕನಿಷ್ಠ ನಾಲ್ಕು ಚುಕ್ಕಿ ಕೂಡಿಸಬೇಕು ಅನ್ನುವ ನಿಯಮದಲ್ಲಿ ಒಟ್ಟು 3,89,112 ಬಗೆಯ ಗೆರೆ ಎಳೆಯಬಹುದು. ನಾಲ್ಕು ಅಂಕಿಯ ಪಿನ್‌ಗೆ ಇರುವುದು 10,000 ದಾರಿ ಮಾತ್ರ. ಆದರೆ ನಾವು ಆ ಲಕ್ಷಗಳ ಕಡೆ ಹೋಗುವುದೇ ಇಲ್ಲ. 2015ರಲ್ಲಿ ನಾರ್ವೆಯ ಒಬ್ಬ ಸಂಶೋಧಕಿ ಸುಮಾರು 4,000 ಪ್ಯಾಟರ್ನ್ ಕಲೆಹಾಕಿ ನೋಡಿದರು. ಶೇ 77ರಷ್ಟು ಗೆರೆಗಳು ಯಾವುದಾದರೂ ಮೂಲೆಯಿಂದ ಶುರುವಾಗಿದ್ದವು. ಶೇ 44ರಷ್ಟು ಎಡ ಮೇಲ್ಮೂಲೆಯಿಂದಲೇ. ಅಕ್ಷರದ ಆಕಾರ ಎಳೆಯುವವರೂ ಇದ್ದರು. ಎಸ್.ಪಿ. ರಸ್ತೆಯ ಪುಸ್ತಕ ನೋಡಿದ ನನಗೆ ಇದರಲ್ಲಿ ಆಶ್ಚರ್ಯ ಏನೂ ಆಗಲಿಲ್ಲ. ಇನ್ನೊಂದು ತೊಂದರೆ ಬೆರಳಿನ ಜಿಡ್ಡು. 2010ರಲ್ಲೇ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಗಾಜಿನ ಮೇಲೆ ಉಳಿಯುವ ಜಿಡ್ಡಿನ ಗೆರೆಯಿಂದ ಪ್ಯಾಟರ್ನ್ ಹಿಡಿಯಬಹುದು ಅಂತ ತೋರಿಸಿದ್ದರು. ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ನಿಮಗೂ ಕಾಣುತ್ತದೆ.

ಅಂಕಿ ಹಾಕುವವರ ಕಥೆಯೂ ಹೀಗೆಯೇ. ಸೋರಿಹೋದ 34 ಲಕ್ಷ ಪಿನ್‌ಗಳನ್ನು 2012ರಲ್ಲಿ ಲೆಕ್ಕ ಹಾಕಿದಾಗ, ಹತ್ತಿರ ಹತ್ತಿರ ಶೇ 11ರಷ್ಟು ಬರೀ 1234 ಆಗಿದ್ದವು. ಹುಟ್ಟಿದ ವರ್ಷ ಹಾಕುವವರೂ ಜಾಸ್ತಿ.

ಆಮೇಲೆ ಬೆರಳಚ್ಚು. 2013ರ ಸೆಪ್ಟೆಂಬರಿನಲ್ಲಿ ಐಫೋನ್ 5ಎಸ್ ಬಂದ ಮೇಲೆ ಇದು ಎಲ್ಲೆಡೆ ಹರಡಿತು. ಮಾರಾಟ ಶುರುವಾದ ಎರಡು ಮೂರು ದಿನದಲ್ಲೇ ಜರ್ಮನಿಯ ಹ್ಯಾಕರ್‌ಗಳ ಸಂಘ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು ಗಾಜಿನ ಮೇಲಿನ ಗುರುತಿನ ಫೋಟೋ ತೆಗೆದು, ನಕಲಿ ಬೆರಳು ಮಾಡಿ ಅದನ್ನು ತೆರೆದರು. ನಮ್ಮ ಊರಿನ ಕಷ್ಟ ಅದಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ನಾನು ಹೂವು ಕೊಳ್ಳುವ ಹೆಂಗಸು ಬೆಳಗಿನ ಜಾವದಿಂದ ನೆನೆದ ಬಾಳೆನಾರು ಹಿಡಿದು ಕೂತಿರುತ್ತಾರೆ. ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಸೆರಗಿಗೆ ಒರೆಸಿ ಮೂರು ಸಲ ಒತ್ತಿದರೂ ಫೋನ್ 'ಇದು ನೀನಲ್ಲ' ಅನ್ನುತ್ತದೆ. ಕೊನೆಗೆ ಬೇಸತ್ತು ಬೆರಳಚ್ಚು ತೆಗೆಸಿ ಎಲ್ ಹಾಕಿಸಿಕೊಂಡಿದ್ದಾರೆ. ಗಾರೆ ಕೆಲಸದವರು, ಪಾತ್ರೆ ತೊಳೆಯುವವರು, ಎಲ್ಲರ ಪಾಡೂ ಇದೇ. ದುಡಿದ ಕೈಗೆ ಈ ಬೀಗ ತೆರೆಯುವುದಿಲ್ಲ. ನನಗೆ ಇದು ತುಂಬಾ ಅನ್ಯಾಯ ಅನಿಸುತ್ತದೆ.

ಮುಖ ನೋಡಿ ತೆರೆಯುವುದು ಇನ್ನೂ ಹಳೆಯ ಕಥೆ. 2011ರ ಆಂಡ್ರಾಯ್ಡ್‌ನಲ್ಲಿ ಫೋಟೋ ಹಿಡಿದರೂ ತೆರೆಯುತ್ತಿತ್ತು. 2017ರ ಐಫೋನ್ ಟೆನ್ 30,000ಕ್ಕೂ ಜಾಸ್ತಿ ಬೆಳಕಿನ ಚುಕ್ಕಿಗಳನ್ನು ಮುಖದ ಮೇಲೆ ಹಾಯಿಸಿ ಉಬ್ಬುತಗ್ಗು ಅಳೆಯುವ ದಾರಿ ಹಿಡಿಯಿತು. ಕಡಿಮೆ ಬೆಲೆಯ ಎಷ್ಟೋ ಫೋನುಗಳು ಈಗಲೂ ಬರೀ ಕ್ಯಾಮೆರಾ ನಂಬುತ್ತವೆ.

ಇಲ್ಲಿ ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಿಜವಾದ ಬೀಗ ಬೆರಳೂ ಅಲ್ಲ, ಮುಖವೂ ಅಲ್ಲ, ಪಿನ್. ಈಗಿನ ಫೋನುಗಳಲ್ಲಿ ನಿಮ್ಮ ಫೋಟೋ, ಮೆಸೇಜುಗಳೆಲ್ಲ ಸಂಕೇತ ರೂಪದಲ್ಲಿ ಇರುತ್ತವೆ. ಅದನ್ನು ಬಿಡಿಸುವ ಕೀಲಿ ತಯಾರಾಗುವುದು ನಿಮ್ಮ ಪಿನ್ ಮತ್ತು ಫೋನಿನ ಚಿಪ್ಪಿನಲ್ಲಿ ಹುದುಗಿರುವ ಗುಟ್ಟು ಎರಡೂ ಸೇರಿದಾಗ. ಅದಕ್ಕೇ ಫೋನ್ ಆಫ್ ಮಾಡಿ ಆನ್ ಮಾಡಿದರೆ ಬೆರಳು ಒಪ್ಪುವುದಿಲ್ಲ, ಪಿನ್ ಕೇಳುತ್ತದೆ. ತಪ್ಪು ಹಾಕುತ್ತಾ ಹೋದರೆ ಕಾಯಿಸುತ್ತದೆ. ಆ ಕಾಯಿಸುವಿಕೆಯೇ ದೊಡ್ಡ ಕಾವಲು. ನಾಲ್ಕರ ಬದಲು ಆರು ಅಂಕಿ ಹಾಕಿದರೆ ದಾರಿಗಳು 10,000ದಿಂದ 10 ಲಕ್ಷಕ್ಕೆ ಏರುತ್ತವೆ. 2015ರಿಂದ ಐಫೋನ್ ಆರು ಅಂಕಿಯನ್ನೇ ಮೊದಲು ಕೇಳುತ್ತಿದೆ.

ನಮ್ಮಲ್ಲಿ ಬೀಗದ ಬೆಲೆ ಏರಿದ್ದು 2016ರಲ್ಲಿ. ಆ ಏಪ್ರಿಲ್‌ನಲ್ಲಿ ಯುಪಿಐ ಬಂತು, ನವೆಂಬರಿನಲ್ಲಿ ನೋಟು ರದ್ದಾಯಿತು. ಎಳನೀರಿನವರ ಗಾಡಿಯ ಮೇಲೂ ಕ್ಯೂಆರ್ ಕೋಡ್ ಬಂದು ಕೂತಿತು. ಹಣ ಕಳಿಸಲು ಬೇರೆ ಯುಪಿಐ ಪಿನ್ ಇದೆ, ನಿಜ. ಆದರೆ 2022ರಲ್ಲಿ ಬಂದ ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಬೇಡ. ಇನ್ನು ಎಷ್ಟೋ ಜನರ ಲಾಕ್ ಪಿನ್ನೂ ಯುಪಿಐ ಪಿನ್ನೂ ಒಂದೇ. ಮೆಟ್ರೋದಲ್ಲಿ ಭುಜಕ್ಕೆ ಭುಜ ತಾಗಿ ನಿಂತು ಅದನ್ನು ಒತ್ತುತ್ತಿರುತ್ತಾರೆ. ನೋಡಬಾರದು ಅಂದರೂ ಕಣ್ಣಿಗೆ ಬೀಳುತ್ತದೆ.

ಈಗ ಸಿಮ್ ಪಿನ್ ವಿಷಯ. ನನ್ನ ಗೆಳತಿಯ ಫೋನು ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲಿ ಹೋಯಿತು. ಆರು ಅಂಕಿಯ ಪಿನ್ ಇತ್ತು, ಧೈರ್ಯವಾಗಿದ್ದಳು. ಕದ್ದವರು ಫೋನ್ ತೆರೆಯಲು ಹೋಗಲೇ ಇಲ್ಲ. ಸಿಮ್ ತೆಗೆದು ಬೇರೆ ಸೆಟ್ಟಿಗೆ ಹಾಕಿದರು. ಒಟಿಪಿ ಅಲ್ಲಿಗೇ ಬಂತು, ವಾಟ್ಸ್‌ಆ್ಯಪ್ ತೆರೆಯಿತು. ರಾತ್ರಿ ಫ್ಯಾಮಿಲಿ ಗ್ರೂಪಿನಲ್ಲಿ ಅವಳ ಹೆಸರಿನಲ್ಲಿ 'ಅರ್ಜೆಂಟ್, ಹತ್ತು ಸಾವಿರ ಹಾಕಿ, ನಾಳೆ ಕೊಡ್ತೀನಿ' ಅಂತ ಮೆಸೇಜು. ತುಮಕೂರಿನ ಚಿಕ್ಕಮ್ಮ ಹಾಕಿಯೇ ಬಿಟ್ಟರು. ಸಿಮ್‌ಗೆ ಪಿನ್ ಇದ್ದಿದ್ದರೆ ಬೇರೆ ಸೆಟ್ಟಿನಲ್ಲಿ ಅದು ಕೆಲಸವೇ ಮಾಡುತ್ತಿರಲಿಲ್ಲ. ವಾಟ್ಸ್‌ಆ್ಯಪ್‌ನ ಟೂ ಸ್ಟೆಪ್ ಪಿನ್ ಇದ್ದಿದ್ದರೂ ಅಲ್ಲೇ ತಡೆಯುತ್ತಿತ್ತು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ಸಿಮ್ ಲಾಕ್ ಸಿಗುತ್ತದೆ. ಹಾಕುವ ಮುಂಚೆ ನಿಮ್ಮ ಸಿಮ್ ಕಂಪನಿಯ ಮೂಲ ಪಿನ್ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಸುಮ್ನೆ ಊಹೆ ಮಾಡಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಬಿಡಿಸುವ ಎಂಟು ಅಂಕಿಯ ನಂಬರ್, ಪಿಯುಕೆ, ಕೇಳುತ್ತದೆ, ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆ. ಬೀಗ ಹಾಕಿದ ಪರದೆಯ ಮೇಲೆ ಒಟಿಪಿ ಕಾಣದ ಹಾಗೆ ನೋಟಿಫಿಕೇಶನ್ ಮುಚ್ಚುವುದೂ ಅಷ್ಟೇ ಮುಖ್ಯ.

ಕಳೆದ ಫೋನನ್ನು ನೆಟ್‌ವರ್ಕ್‌ನಿಂದ ಹೊರಗಿಡಲು 2023ರ ಮೇ ತಿಂಗಳಿಂದ ದೇಶಕ್ಕೆಲ್ಲ ಸಂಚಾರ್ ಸಾಥಿ ಅನ್ನುವ ಸರ್ಕಾರಿ ಜಾಲತಾಣ ಇದೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. *#06# ಒತ್ತಿ ಫೋನಿನ ಗುರುತಿನ ಐಎಂಇಐ ನಂಬರನ್ನು ಇವತ್ತೇ ಮನೆಯಲ್ಲಿ ಬರೆದಿಡಿ. ಕಳೆದ ಮೇಲೆ ಒತ್ತಲು ಫೋನ್ ಇರುವುದಿಲ್ಲ.

ರಿಪೇರಿ ಅಂಗಡಿಯ ಚುಕ್ಕಿಗೂ ಉತ್ತರ ಬಂದಿದೆ. 2022ರಲ್ಲಿ ಸ್ಯಾಮ್‌ಸಂಗ್ ಮೇಂಟೆನೆನ್ಸ್ ಮೋಡ್ ತಂದಿತು, 2023ರ ಕೊನೆಯಲ್ಲಿ ಗೂಗಲ್ ಪಿಕ್ಸೆಲ್‌ಗೆ ರಿಪೇರ್ ಮೋಡ್ ಬಂತು. ಅದನ್ನು ಹಾಕಿ ಕೊಟ್ಟರೆ ರಿಪೇರಿಯವರಿಗೆ ಖಾಲಿ ಫೋನ್ ಕಾಣುತ್ತದೆ. ಟಚ್, ಕ್ಯಾಮೆರಾ ಎಲ್ಲ ಪರೀಕ್ಷಿಸಬಹುದು, ನಿಮ್ಮ ಫೋಟೋ ಸಿಗುವುದಿಲ್ಲ. ನನ್ನ ಹಳೇ ಫೋನಿನಲ್ಲಿ ಅದಿಲ್ಲ. ಹಾಗಾಗಿ ಆ ದಿನ ಎರಡು ಗಂಟೆ ಅಂಗಡಿಯಲ್ಲೇ ಕೂತೆ, ಬೇಕಾದಾಗ ನಾನೇ ತೆರೆದುಕೊಟ್ಟೆ.

ಬೀಗದ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲು ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. 2024ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ನಮ್ಮ ಫೋನಿನ ಬೀಗಕ್ಕೆ ಕಾನೂನಿನ ಬಲ ಬಂದದ್ದರ ಹಿಂದೆ ಆ ಹಿರಿಯರ ಹಟ ಇದೆ.

ಪೊಲೀಸರು ಪಿನ್ ಕೇಳಿದರೆ? 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಈ ಪ್ರಶ್ನೆ ವಿಚಾರಿಸಿತು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂದಿತು. ಆದರೆ ಆರೋಪಿ ಒಪ್ಪದಿದ್ದರೆ ಪೊಲೀಸರು ಕೋರ್ಟಿಗೆ ಹೋಗಿ ವಾರಂಟ್ ಪಡೆಯಬೇಕು ಅಂತಲೂ ಹೇಳಿತು. 2022ರಲ್ಲಿ ದೆಹಲಿಯ ವಿಶೇಷ ನ್ಯಾಯಾಲಯ, ಪಾಸ್‌ವರ್ಡ್ ಹೇಳು ಅಂತ ಬಲವಂತ ಮಾಡುವಂತಿಲ್ಲ ಅಂದಿತು.

ಕೋರ್ಟಿಗಿಂತ ಕಷ್ಟದ ಜಾಗ ಮನೆ. 'ಲಾಕ್ ಯಾಕೆ? ಮುಚ್ಚಿಡೋಕೆ ಏನಿದೆ?' ಈ ಪ್ರಶ್ನೆಯನ್ನು ಎಷ್ಟು ಹೆಣ್ಣುಮಕ್ಕಳು ಕೇಳಿಸಿಕೊಂಡಿಲ್ಲ! ನಮ್ಮ ಅಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಡಬ್ಬಿಗೆ ಕೈ ಹಾಕಲಿಲ್ಲ. ಅದು ಅವರದ್ದು ಅಂತ ಬಿಟ್ಟಿದ್ದರು. ಫೋನಿನ ವಿಷಯದಲ್ಲೂ ಅಷ್ಟು ಬಿಟ್ಟರೆ ಸಾಕು. ಅದರೊಳಗೆ ಬೇರೆಯವರ ಮಾತೂ ಇರುತ್ತದೆ. ಗೆಳತಿ ತನ್ನ ಗರ್ಭಪಾತದ ನೋವನ್ನು ನನಗೆ ಬರೆದದ್ದು, ನನ್ನ ಮನೆಮಂದಿಗಲ್ಲ.

ನಮ್ಮ ಅಮ್ಮ ಲಾಕ್ ಹಾಕಲು ಒಪ್ಪದಿದ್ದದ್ದು ಬೇರೆ ಕಾರಣಕ್ಕೆ. 'ರಸ್ತೆಯಲ್ಲಿ ತಲೆ ಸುತ್ತಿ ಬಿದ್ದರೆ ನಿನಗೆ ಯಾರು ಫೋನ್ ಮಾಡ್ತಾರೆ?' ನ್ಯಾಯವಾದ ಮಾತು. ಬೀಗ ಇದ್ದರೂ 112ಕ್ಕೆ ಕರೆ ಹೋಗುತ್ತದೆ, ಎಮರ್ಜೆನ್ಸಿ ಒತ್ತಿದರೆ ಮನೆಯವರ ನಂಬರ್, ರಕ್ತದ ಗುಂಪು ಕಾಣುವಂತೆ ಇಡಬಹುದು ಅಂತ ತೋರಿಸಿದೆ. ಆದರೂ ಅವರಿಗೆ ಸಮಾಧಾನ ಆಗಲಿಲ್ಲ. ಬೀಗದ ಪರದೆಯ ಮೇಲೆ ಎರಡು ಸಾಲು ಬರೆಯುವ ಜಾಗ ಇದೆ ಅಂದಾಗ ಮುಖ ಅರಳಿತು. ಅವರೇ ಹೇಳಿ ಬರೆಸಿದರು: 'ನನಗೆ ಶುಗರ್ ಇದೆ. ದಯವಿಟ್ಟು ಮಗಳಿಗೆ ಫೋನ್ ಮಾಡಿ.' ಕೆಳಗೆ ನನ್ನ ನಂಬರ್. ಆಮೇಲೆ ಫೋನ್ ತಗೊಂಡು ದೇವರ ಮನೆಗೆ ಹೋಗಿ, ನನ್ನ ಕಡೆ ಬೆನ್ನು ಹಾಕಿ ಕೂತು, ಆರು ಅಂಕಿಯನ್ನು ಒಂದೊಂದಾಗಿ ಒತ್ತಿಕೊಂಡರು.