ಮಳೆಗಾಲದಲ್ಲಿ ತಪ್ಪುವ ಬಿಪಿ ಮಾತ್ರೆ

ಬೇಸಿಗೆಯವರೆಗೂ ಹತೋಟಿಯಲ್ಲಿದ್ದ ರಕ್ತದೊತ್ತಡವು ಜೂನ್ ಕಳೆಯುತ್ತಿದ್ದಂತೆ ಏರಿ ಬರುವುದನ್ನು ಕೊಡಗಿನಲ್ಲಿ ಪ್ರತಿ ಮಳೆಗಾಲದಲ್ಲೂ ಕಾಣುತ್ತೇನೆ. ಚಳಿಗೆ ರಕ್ತನಾಳಗಳು ಬಿಗಿಯುವುದರಿಂದ ಒತ್ತಡ ತುಸು ಹೆಚ್ಚುವುದು ಸಹಜವೇ ಆದರೂ, 130 ಇದ್ದದ್ದು 170 ಆಗಲು ಅದೊಂದೇ ಸಾಲದು. ಆದ್ದರಿಂದ ಹೊಸ ಮಾತ್ರೆ ಬರೆಯುವ ಮೊದಲು ಹಳೆಯ ಸ್ಟ್ರಿಪ್ ತೋರಿಸಲು ಹೇಳುತ್ತೇನೆ. ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದ ಆ ಸ್ಟ್ರಿಪ್‌ನಲ್ಲಿ, ಎಂದೋ ಮುಗಿದಿರಬೇಕಾದ ಮಾತ್ರೆಗಳು ಅರ್ಧಕ್ಕರ್ಧ ಉಳಿದಿರುತ್ತವೆ. “ತಲೆನೋವು ಏನೂ ಇರಲಿಲ್ಲ ಡಾಕ್ಟ್ರೇ, ಅದಕ್ಕೆ ಉಳಿಸಿ ಉಳಿಸಿ ತಗೊಂಡೆ” ಎನ್ನುತ್ತಾರೆ. ಗುಡ್ಡ ಕುಸಿದು ಬಸ್ಸು ನಿಂತರೆ ಪೇಟೆಗೆ ಹೋಗುವುದು ಹೇಗೆಂಬ ಚಿಂತೆಯಲ್ಲಿ ದಿನ ಬಿಟ್ಟು ದಿನ ನುಂಗುವವರನ್ನು ಗದರಿ ಪ್ರಯೋಜನವಿಲ್ಲ. ಮೇ ತಿಂಗಳಲ್ಲೇ ಎರಡು ತಿಂಗಳಿಗಾಗುವಷ್ಟು ಮಾತ್ರೆ ಅವರ ಕೈಸೇರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ; ಏರಿದ ಒತ್ತಡವು ಹೆಚ್ಚಿನವರಲ್ಲಿ ಯಾವ ಲಕ್ಷಣವನ್ನೂ ತೋರದೆಯೇ ಹೃದಯ, ಮೂತ್ರಪಿಂಡಗಳನ್ನು ಹಾಳುಗೆಡವುತ್ತದೆ ಎಂದು ಬಿಡಿಸಿ ಹೇಳುವುದೂ ನಮ್ಮದೇ.

ಕೆಲವರು ಮಾತ್ರೆ ಬಿಡುವುದಕ್ಕೆ ಸಕಾರಣವಿರುತ್ತದೆ. ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಿಂದ ಪಾದ ಊದಿಕೊಂಡ ತೋಟದ ಕಾರ್ಮಿಕರು ಅದನ್ನು ಊತವೆಂದು ಹೇಳುವುದಿಲ್ಲ, ಸಂಜೆ ಗಂಬೂಟು ಕಳಚಲು ಕಷ್ಟವಾಗುತ್ತದೆ ಎನ್ನುತ್ತಾರೆ. ಎನಾಲಾಪ್ರಿಲ್ ಎಂಬ ಇನ್ನೊಂದು ಬಿಪಿ ಮಾತ್ರೆಯಿಂದ ಬರುವ ಒಣಕೆಮ್ಮಂತೂ ಮಳೆಗಾಲದಲ್ಲಿ ಶೀತದ ಕೆಮ್ಮಿನೊಂದಿಗೆ ಬೆರೆತುಹೋಗುತ್ತದೆ. ಎರಡಕ್ಕೂ ಬದಲಿ ಮಾತ್ರೆಗಳಿವೆ. ಬೇಕಾಗಿರುವುದು ಹೇಳಿಕೊಳ್ಳುವಷ್ಟು ಸಲಿಗೆ. ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಒತ್ತಡವನ್ನು ಏರಿಸುವುದರ ಜೊತೆಗೆ ಬಿಪಿ ಮಾತ್ರೆಯ ಪರಿಣಾಮವನ್ನೂ ತಗ್ಗಿಸುವುದರಿಂದ, ಅವುಗಳ ಬಗ್ಗೆ ನಾನೇ ಕೆದಕಿ ಕೇಳುತ್ತೇನೆ.

ಇನ್ನು ಉಪ್ಪು. ಒಣಮೀನು, ಉಪ್ಪಿನಕಾಯಿ, ಉಪ್ಪುನೀರಿನಲ್ಲಿಟ್ಟ ಮಾವಿನಕಾಯಿಗಳಿಲ್ಲದೆ ನಮ್ಮ ಮಳೆಗಾಲದ ಊಟವಿಲ್ಲ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಆದರೆ ಅಡುಗೆಮನೆಯಲ್ಲಿ ಗ್ರಾಂ ಅಳೆಯುವವರು ಯಾರು? ಅದಕ್ಕೆ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಎಷ್ಟು ದಿನಕ್ಕೆ ಮುಗಿಯುತ್ತದೆಂದು ಮನೆಯವರನ್ನು ಕೇಳುತ್ತೇನೆ. ನಾಲ್ವರ ಮನೆಯಲ್ಲಿ ಅದು ಕನಿಷ್ಠ 50 ದಿನ ಬರಬೇಕು. ಒಣಮೀನಿನ ಉಪ್ಪು ಈ ಲೆಕ್ಕಕ್ಕೆ ಸಿಗದ ಕಾರಣ ಇನ್ನೂ ಹೆಚ್ಚು ಬಂದರೆ ಒಳ್ಳೆಯದು. ಮೊದಲು ಬಿಡಬೇಕಾದದ್ದು ಉಪ್ಪಿನಕಾಯಿಯೆಂದೇ ನನ್ನ ಅಭಿಪ್ರಾಯ. ಒಣಮೀನನ್ನು ನೆನೆಸಿ, ನೀರು ಚೆಲ್ಲಿ, ಸಾರಿಗೆ ಬೇರೆ ಉಪ್ಪು ಹಾಕದೆ ಅಪರೂಪಕ್ಕೆ ತಿನ್ನಬಹುದು. ಪಂದಿ ಕರಿಗೆ (ಹಂದಿಮಾಂಸದ ಸಾರಿಗೆ) ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿ ಕೊಬ್ಬನ್ನು ಕರಗಿಸುತ್ತದೆಂಬ ಧೈರ್ಯದಲ್ಲಿ ಮತ್ತೊಂದು ಸೌಟು ಬಡಿಸಿಕೊಳ್ಳುವವರಿಗೆ, ಕರಿಯಲ್ಲಿರುವ ಉಪ್ಪನ್ನು ಅದು ಕರಗಿಸಲಾರದು ಎಂದಷ್ಟೇ ಹೇಳಬಲ್ಲೆ. ಮಿಲಿಟರಿ ಕ್ಯಾಂಟೀನ್ ರಮ್ಮಿನ ಬಗ್ಗೆ ನಿವೃತ್ತ ಸೈನಿಕರೊಂದಿಗೆ ನಡೆಯುವ ಚೌಕಾಸಿ ಬೇರೆಯೇ ಇದೆ. ಕುಡಿತ ಕಡಿಮೆಯಾದಷ್ಟೂ ಒತ್ತಡ ಇಳಿಯುತ್ತದೆ.

ಮಳೆಯಲ್ಲಿ ಏರು ಹತ್ತಿ ಬಂದವರನ್ನು, ಅರ್ಧ ಗಂಟೆಯೊಳಗೆ ಕಾಫಿ ಕುಡಿದವರನ್ನು ತಕ್ಷಣ ಪರೀಕ್ಷಿಸಿದರೆ ಅಳತೆ ತಪ್ಪುತ್ತದೆ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಿಸಿ ಎರಡು ಬಾರಿ ನೋಡಬೇಕು. ಹಾಗೆ ನೋಡಿಯೂ ಬೇರೆ ಬೇರೆ ದಿನಗಳಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆಯನ್ನು ಮರುಪರಿಶೀಲಿಸುತ್ತೇನೆ. ಒಂದು ದಿನ ಮರೆತ ಮಾತ್ರೆಗೆ ಮರುದಿನ ಎರಡು ನುಂಗಬಾರದು. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಮಾತ್ರೆ ನುಂಗಿ ಮಳೆ ನಿಲ್ಲಲೆಂದು ಕಾಯದೆ, ಕೂಡಲೇ 108ಕ್ಕೆ ಕರೆ ಮಾಡಬೇಕು ಅಥವಾ ಸಿಕ್ಕ ಜೀಪಿನಲ್ಲಿ ಆಸ್ಪತ್ರೆಗೆ ಹೊರಡಬೇಕು.